ದಿವಾಳಿಯಾದರೆ ಸಾಲ ತೀರಿತೇ?

"ಪಾಪರ್ ಚೀಟಿ ತೆಗೆದುಕೊಂಡರಾಯಿತು, ಆಮೇಲೆ ಯಾರೂ ಏನೂ ಮಾಡುವಂತಿಲ್ಲ." ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರ ಕಿವಿಗೆ ಇಂತಹ ಸಲಹೆ ಬೀಳುವುದುಂಟು. ಕಾನೂನಿನ ದೃಷ್ಟಿಯಲ್ಲಿ ಇದು ಅರ್ಧ ಸತ್ಯ. ಸತ್ಯವಿಶ್ವಾಸಿಯ ಪಾಲಿಗಂತೂ ಅಪಾಯಕಾರಿ ಮಾತು.

ಮೊದಲು ಕಾನೂನನ್ನು ನೋಡೋಣ. ಸಾಲ ಕೊಟ್ಟವನು ದಾವೆ ಹೂಡಿ ಗೆದ್ದರೆ ನ್ಯಾಯಾಲಯ ಡಿಕ್ರಿ ನೀಡುತ್ತದೆ. ಹಣ ಬಾರದಿದ್ದರೆ ಅವನು ಡಿಕ್ರಿಯನ್ನು ಜಾರಿಗೊಳಿಸಿ ಸಾಲಗಾರನ ಆಸ್ತಿಯನ್ನು ಜಪ್ತಿ ಮಾಡಿಸಬಹುದು. ಆದರೆ ಕರ್ನಾಟಕಕ್ಕೂ ಅನ್ವಯಿಸುವ 1920ರ ಪ್ರಾಂತೀಯ ದಿವಾಳಿ ಕಾಯಿದೆಯಂತೆ ಸಾಲಗಾರನನ್ನು ದಿವಾಳಿ ಎಂದು ಘೋಷಿಸಿದರೆ, ಅವನ ಆಸ್ತಿ ನ್ಯಾಯಾಲಯದ ಅಥವಾ ರಿಸೀವರರ ವಶವಾಗುತ್ತದೆ. ಆಮೇಲೆ ಡಿಕ್ರಿ ಪಡೆದವನೂ ನ್ಯಾಯಾಲಯದ ಅನುಮತಿಯಿಲ್ಲದೆ ಆ ಆಸ್ತಿಗೆ ಕೈ ಹಾಕುವಂತಿಲ್ಲ. ಅವನು ಉಳಿದ ಸಾಲಿಗರೊಂದಿಗೆ ತನ್ನ ಪಾಲಿಗಾಗಿ ಕಾಯಬೇಕು. ಅಡವು ಪಡೆದವನ ಹಕ್ಕು ಮಾತ್ರ ಹಾಗೆಯೇ ಉಳಿಯುತ್ತದೆ. ಕೊನೆಗೆ ನ್ಯಾಯಾಲಯ ಬಿಡುಗಡೆಯ ಆದೇಶ ನೀಡಿದರೆ ಹಳೆಯ ಡಿಕ್ರಿಯ ಬಲ ಬಹುಮಟ್ಟಿಗೆ ಮುಗಿಯುತ್ತದೆ.

ಆದರೆ ಎಲ್ಲವೂ ಮುಗಿಯುವುದಿಲ್ಲ. ಮೋಸದಿಂದ ಮಾಡಿದ ಸಾಲ, ಸರಕಾರದ ಬಾಕಿ, ಹೆಂಡತಿ ಮಕ್ಕಳ ಜೀವನಾಂಶ ಇವು ಬಿಡುಗಡೆಯ ನಂತರವೂ ಉಳಿಯುತ್ತವೆ. ಜಾಮೀನು ನಿಂತವನೂ ಪಾರಾಗುವುದಿಲ್ಲ. ಸಾಲಗಾರ ಬಿಡುಗಡೆಯಾದರೂ, ಅವನನ್ನು ನಂಬಿ ಸಹಿ ಹಾಕಿದ ಭಾವನೋ ಗೆಳೆಯನೋ ಸಿಕ್ಕಿಬೀಳುತ್ತಾನೆ. ಈ ದಾರಿ ಹಿಡಿಯುವ ಮುನ್ನ ಆ ಮನೆಯವರ ಮುಖವನ್ನೊಮ್ಮೆ ನೆನೆಯಿರಿ.

ಇನ್ನು ಶರೀಅತ್. ಸಾಲಗಾರ ಸಂಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಅವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದು ಕುರ್‌ಆನ್ (2:280) ಆದೇಶಿಸುತ್ತದೆ. ಪ್ರವಾದಿಯವರ(ಸ) ಕಾಲದಲ್ಲಿ ಒಬ್ಬರು ಹಣ್ಣಿನ ವ್ಯಾಪಾರದಲ್ಲಿ ನಷ್ಟಕ್ಕೀಡಾಗಿ ಸಾಲದಲ್ಲಿ ಮುಳುಗಿದರು. ಅವರಿಗೆ ದಾನ ನೀಡುವಂತೆ ಪ್ರವಾದಿಯವರು(ಸ) ಜನರಿಗೆ ಹೇಳಿದರು. ಆದರೂ ಸಾಲ ತೀರುವಷ್ಟು ಹಣ ಕೂಡಲಿಲ್ಲ. ಆಗ ಸಾಲಿಗರಿಗೆ, ಇರುವುದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂದರು (ಮುಸ್ಲಿಮ್). ಆ ಹೊತ್ತಿಗೆ ಅಷ್ಟೇ ವಸೂಲು ಮಾಡಬಹುದು, ಉಳಿದದ್ದಕ್ಕೆ ಅವನಿಗೆ ಅನುಕೂಲವಾಗುವ ತನಕ ಕಾಯಬೇಕು ಎಂದು ವಿದ್ವಾಂಸರು ಇದನ್ನು ವಿವರಿಸಿದ್ದಾರೆ.

ಭಾರತದ ಸುಪ್ರೀಂ ಕೋರ್ಟು ಕೂಡ 1980ರಲ್ಲಿ, ಬ್ಯಾಂಕೊಂದರ ಡಿಕ್ರಿಯ ಪ್ರಕರಣದಲ್ಲಿ, ತೀರಿಸಲಾಗದ ಬಡತನವೇ ಅಪರಾಧವಲ್ಲ, ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದವನನ್ನು ಮಾತ್ರ ಸೆರೆಗೆ ಕಳಿಸಬಹುದು ಎಂದಿತು. ಶಕ್ತಿಯಿದ್ದೂ ಸತಾಯಿಸುವುದು ಅನ್ಯಾಯವೆಂದು ಪ್ರವಾದಿಯವರು(ಸ) ಅಂದೇ ಎಚ್ಚರಿಸಿದ್ದರು (ಬುಖಾರಿ, ಮುಸ್ಲಿಮ್).

ಹಾಗಾದರೆ ವ್ಯತ್ಯಾಸವೆಲ್ಲಿ? ನ್ಯಾಯಾಲಯದ ಬಿಡುಗಡೆ ಸಾಲಿಗನ ಕೈಯನ್ನು ತಡೆಯುತ್ತದೆ. ಅವನ ಹಕ್ಕನ್ನು ಅಲ್ಲಾಹನ ಬಳಿ ಅಳಿಸುವುದಿಲ್ಲ. ಅವನು ಮನಸಾರೆ ಮನ್ನಿಸಬೇಕು, ಇಲ್ಲವೇ ನಾವು ತೀರಿಸಬೇಕು. ಶಹೀದನ ಎಲ್ಲ ಪಾಪಗಳೂ ಕ್ಷಮಿಸಲ್ಪಟ್ಟರೂ ಸಾಲ ಉಳಿಯುತ್ತದೆ ಎಂಬ ಹದೀಸ್ (ಮುಸ್ಲಿಮ್) ನಿಮಗೆ ಗೊತ್ತಿರಬಹುದು. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದೂ, ಇತರರ ಸೊತ್ತನ್ನು ಕಬಳಿಸಿದ್ದರಿಂದ ಪುಣ್ಯವೆಲ್ಲ ಹಕ್ಕುದಾರರ ಪಾಲಾಗಿ ಬರಿಗೈಯಾದವನನ್ನೇ ಪ್ರವಾದಿಯವರು(ಸ) ನಿಜವಾದ ಮುಫ್ಲಿಸ್, ಅಂದರೆ ದಿವಾಳಿ, ಎಂದು ಕರೆದರು.

ಆದ್ದರಿಂದ, ಸಹೋದರರೇ, ನಷ್ಟವಾದರೆ ಆಸ್ತಿಯನ್ನು ಹೆಂಡತಿಯ ಹೆಸರಿಗೆ ಬರೆದು ಬಚ್ಚಿಡಬೇಡಿ. ಸಾಲಿಗರ ಮುಂದೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿ. ಕಾನೂನಿನ ರಕ್ಷಣೆ ಪಡೆಯಬೇಕಾಗಿ ಬಂದರೂ, ಯಾರಿಗೆ ಎಷ್ಟು ಬಾಕಿಯೆಂದು ಬರೆದಿಟ್ಟು ಮನೆಯವರಿಗೆ ತಿಳಿಸಿ. ಕೈಗೆ ಬಂದಂತೆ ತೀರಿಸಿ. ನೀವು ಸಾಲ ಕೊಟ್ಟವರಾಗಿದ್ದರೆ, ನಿಜವಾಗಿ ಸೋತವನಿಗೆ ಉಸಿರಾಡಲು ಬಿಡಿ. ಝಕಾತಿನಲ್ಲಿ ಸಾಲದಲ್ಲಿ ಸಿಲುಕಿದವರ ಪಾಲೂ ಇದೆ (9:60) ಎಂಬುದನ್ನು ಜಮಾಅತ್‌ಗಳು ಮರೆಯದಿರಲಿ.

ಪಾಪರ್ ಚೀಟಿ ಈ ಲೋಕದ ಕಚೇರಿಯಲ್ಲಿ ನಡೆದೀತು. ಅಲ್ಲಿ ನಡೆಯದು. ಸಾಲದ ಹೊರೆ ಹೊತ್ತು ತನ್ನ ಮುಂದೆ ನಿಲ್ಲುವ ಗತಿಯಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.