ತೋಟವೂ ತೋಟಗಾರನೂ

ಪಾಠಕ್ಕೆ ಮುಂಚಿತವಾಗಿ ಓದತಕ್ಕ ಭಾಗಗಳು: ಆದಿಕಾಂಡ 2:8-17, ಯೋಹಾನ 18:1-11, ಯೋಹಾನ 19:41ರಿಂದ 20:18ರ ವರೆಗೆ.

ಉದ್ಯಾನವೆಂಬ ಮಾತು ಕಿವಿಗೆ ಬಿದ್ದ ಕೂಡಲೆ ಮಂಡ್ಯದ ಸೀಮೆಯವರಾದ ನಮ್ಮ ಕಣ್ಣಿನ ಮುಂದೆ ಕನ್ನಂಬಾಡಿ ಕಟ್ಟೆಯ ಕೆಳಗಣ ಬೃಂದಾವನವು ಬಂದು ನಿಲ್ಲುತ್ತದೆ. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1927ರಿಂದ 1932ರ ವರೆಗೆ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯನ್ನು ಅನುಸರಿಸಿ ಅದನ್ನು ಮಾಡಿಸಿದರು. ಚಿಮ್ಮುವ ಕಾರಂಜಿ, ಬಣ್ಣದ ದೀಪ, ಒಪ್ಪವಾಗಿ ಕತ್ತರಿಸಿದ ಗಿಡ, ಇವೆಲ್ಲವನ್ನು ನೋಡಿ ಸಂತೋಷಪಟ್ಟು ಹೊತ್ತು ಮುಳುಗಿದ ಮೇಲೆ ನಾವು ಊರಿಗೆ ಹಿಂತಿರುಗುತ್ತೇವೆ. ಅದೇ ಕಟ್ಟೆಯ ಎಡದಂಡೆಯಿಂದ ಮತ್ತೊಂದು ನೀರು ಹೊರಟು, ಸುಮಾರು ಒಂದೂಮುಕ್ಕಾಲು ಮೈಲಿ ಉದ್ದದ ಹುಲಿಕೆರೆಯ ಸುರಂಗವನ್ನು ಹಾದು, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯುತ್ತದೆ. ಈ ನೀರು ಮುಟ್ಟುವಲ್ಲಿಯೂ ತೋಟಗಳುಂಟು. ಅಲ್ಲಿ ತೆಂಗು, ಬಾಳೆ, ಹಿಪ್ಪುನೇರಳೆ. ಅಲ್ಲಿ ಕಾರಂಜಿಯಿಲ್ಲ, ಕೆಸರುಂಟು. ನೋಡಬಂದವರಿಲ್ಲ, ಗುದ್ದಲಿ ಹಿಡಿದವರುಂಟು. ಸತ್ಯವೇದವು ಹೇಳುವ ತೋಟವು ಇವೆರಡರಲ್ಲಿ ಯಾವುದನ್ನು ಹೋಲುತ್ತದೆಂಬದನ್ನು ಈ ತಿಂಗಳು ವಿಚಾರಿಸೋಣ.

ಈ ಪ್ರಶ್ನೆಯನ್ನು ನಾನಾಗಿ ಎತ್ತಲಿಲ್ಲ. ಮಳವಳ್ಳಿಯ ಕಡೆಯ ಒಂದು ಸಣ್ಣ ಸಭೆಯಲ್ಲಿ ಏದೆನಿನ ವಿಷಯವಾಗಿ ನಾನು ಬೋಧಿಸಿ ಮುಗಿಸಿದ ಮೇಲೆ ಒಬ್ಬ ಮುದುಕಿಯು ಬಾಗಿಲ ಬಳಿಯಲ್ಲಿ ನನ್ನನ್ನು ತಡೆದು, "ಅಯ್ನೋರೇ, ತೋಟದ ಮಾತು ತೋಟ ಇರೋರಿಗೆ. ನಮಗೆ ಎಲ್ಲೈತೆ ತೋಟ? ಯಜಮಾನರ ತೋಟದಲ್ಲಿ ಬೆಳಗ್ಗೆಯಿಂದ ಬೈಗಾಗೋಗಂಟ ಬಗ್ಗಿ ಕಳೆ ಕೀಳೋರು ನಾವು" ಎಂದು ಹೇಳಿದಳು. ನಾನು ಥಟ್ಟನೆ ಉತ್ತರ ಕೊಡಲಾರದೆ ಹೋದೆನು. ಪರಲೋಕದಲ್ಲಿ ಎಲ್ಲರಿಗೂ ತೋಟ ಸಿಕ್ಕುವದೆಂದು ಹೇಳಬಹುದಾಗಿತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ. ಮನೆಗೆ ಬಂದು ವೇದವನ್ನು ತೆರೆದು, ತೋಟವೆಂದಿರುವ ಸ್ಥಳಗಳನ್ನು ಒಂದೊಂದಾಗಿ ಓದಿದೆನು. ಓದುತ್ತಾ ಓದುತ್ತಾ, ನಾನು ಅಷ್ಟು ವರುಷ ಬೃಂದಾವನದ ಕಣ್ಣಿನಿಂದಲೇ ಏದೆನನ್ನು ನೋಡುತ್ತಿದ್ದೆನೆಂಬದು ನನಗೆ ತಿಳಿಯಬಂತು.

ಯಾಕಂದರೆ ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ತೋಟವನ್ನು ನೆಟ್ಟು, ಆ ಮೇಲೆ ಮನುಷ್ಯನನ್ನು ಅದರಲ್ಲಿ ಇಟ್ಟನು. ನೆಟ್ಟವನು ದೇವರು, ಒಡೆತನವು ಆತನದು. ಮನುಷ್ಯನು ಅಲ್ಲಿ ಯಾತಕ್ಕೆ ಇಡಲ್ಪಟ್ಟನೆಂಬದನ್ನು ಹದಿನೈದನೆಯ ವಚನದಲ್ಲಿ ನೋಡಿರಿ. ಅಲ್ಲಿ ಎರಡು ಕೆಲಸಗಳು ಹೇಳಲ್ಪಟ್ಟಿವೆ. ಒಂದು ವ್ಯವಸಾಯ ಮಾಡುವದು, ಇನ್ನೊಂದು ಕಾಯುವದು. ಇಬ್ರಿಯ ಭಾಷೆಯಲ್ಲಿ ಮೊದಲನೆಯದಕ್ಕೆ ಉಪಯೋಗಿಸಿರುವ ಶಬ್ದವು ಸೇವೆ ಮಾಡು ಎಂಬರ್ಥದ್ದು. ಆಳು ತನ್ನ ಯಜಮಾನನಿಗೆ ಮಾಡುವ ದುಡಿಮೆಗೂ ಭಕ್ತನು ದೇವರಿಗೆ ಸಲ್ಲಿಸುವ ಸೇವೆಗೂ ಅದೇ ಒಂದು ಶಬ್ದ. ಅರಣ್ಯಕಾಂಡದ ಮೂರನೆಯ ಅಧ್ಯಾಯದಲ್ಲಿ ಲೇವಿಯರು ದೇವದರ್ಶನದ ಗುಡಾರದಲ್ಲಿ ಮಾಡಬೇಕಾದ ಕೆಲಸವನ್ನು ಹೇಳುವಾಗ ಇವೇ ಎರಡು ಶಬ್ದಗಳು ಜೊತೆಯಾಗಿ ಬರುತ್ತವೆ. ಹೀಗಿರಲಾಗಿ ಆದಾಮನು ಏದೆನಿನ ಜಮೀನುದಾರನಾಗಿರಲಿಲ್ಲ. ಅವನ ಹೆಸರಿಗೆ ಪಹಣಿ ಇರಲಿಲ್ಲ. ಗುದ್ದಲಿ ಹಿಡಿದು ಪಾತಿ ಮಾಡುವದೂ ಬೆಳೆ ಕಾಯುವದೂ ಮನುಷ್ಯನಿಗೆ ದೊರೆತ ಮೊದಲನೆಯ ಯಾಜಕಸೇವೆ. ಮುಳ್ಳೂ ಕಳೆಯೂ ಬೆವರೂ ಮೂರನೆಯ ಅಧ್ಯಾಯದಲ್ಲಿ ಬಂದವು; ಕೆಲಸವು ಎರಡನೆಯದರಲ್ಲಿಯೇ ಇತ್ತು. ದುಡಿಮೆಯೇ ಶಾಪವೆಂದು ಹೇಳುವವರು ಈ ಒಂದು ಅಧ್ಯಾಯದ ಅಂತರವನ್ನು ಗಮನಿಸಿದವರಲ್ಲ.

ಹತ್ತನೆಯ ವಚನದಲ್ಲಿ ನದಿಯ ವಿಷಯವುಂಟು. ಅದು ಏದೆನಿನಿಂದ ಹೊರಟು ತೋಟವನ್ನು ತೋಯಿಸಿ, ಅಲ್ಲಿಂದ ನಾಲ್ಕು ಶಾಖೆಗಳಾಗಿ ಒಡೆದು, ಬೇರೆ ಬೇರೆ ದೇಶಗಳಿಗೆ ಹೋಗುತ್ತದೆ. ಒಂದು ನದಿಯು ಒಡೆಯುವದು ಹೇಗೆಂಬದನ್ನು ಶಿವನಸಮುದ್ರದಲ್ಲಿ ಕಾವೇರಿಯನ್ನು ಕಂಡವರಿಗೆ ನಾನು ವಿವರಿಸಬೇಕಾಗಿಲ್ಲ. ಆದರೆ ಇಲ್ಲಿ ಒಂದು ಸಂಗತಿಯುಂಟು. ದೇವರ ತೋಟವು ತನಗೆ ಬಂದ ನೀರನ್ನು ತನ್ನಲ್ಲಿಯೇ ನಿಲ್ಲಿಸಿಕೊಳ್ಳಲಿಲ್ಲ. ಅದರ ನೀರು ಮುಂದಕ್ಕೆ ಹೋಯಿತು. ನಾಲೆಯ ಕೊನೇಭಾಗದಲ್ಲಿರುವ ಮದ್ದೂರು ಮಳವಳ್ಳಿಗಳ ರೈತರನ್ನು ಕೇಳಿರಿ. ಮೇಲ್ಭಾಗದವರು ಸರದಿ ಮೀರಿ ನೀರು ಕಟ್ಟಿಕೊಂಡರೆ ಕೆಳಗಿನವರ ಪೈರಿನ ಗತಿಯೇನೆಂದು ಅವರು ಹೇಳುವರು. ಮೇಲಿನ ಗದ್ದೆಯಲ್ಲಿ ನೀರು ಹೆಚ್ಚಾಗಿ ನಿಂತು ಬೇರು ಕೊಳೆಯುವದು. ಕೆಳಗಿನ ಗದ್ದೆ ಬಿರಿಯುವದು. ಒಂದೇ ನೀರಿನಿಂದ ಎರಡು ನಷ್ಟ. ಕೆರೆಯ ನೀರಿನ ಊರುಗಳವರು ನೀರುಗಂಟಿಯನ್ನು ಬಲ್ಲಿರಿ. ತೂಬು ತೆರೆಯುವವನೂ ಮುಚ್ಚುವವನೂ ಅವನೇ. ಗದ್ದೆಗಳ ಒಡೆತನ ಅವನದಲ್ಲ. ಆದರೂ ಪೈರಿನ ಪ್ರಾಣವು ಅವನ ಕೈಯಲ್ಲಿರುತ್ತದೆ. ಸಭೆಯಲ್ಲಿ ವಾಕ್ಯ ಬಲ್ಲವರೂ ಓದುಬರಹ ಕಲಿತವರೂ ನೀರುಗಂಟಿಯ ಸ್ಥಾನದಲ್ಲಿದ್ದಾರೆಂದು ನನಗೆ ತೋರುತ್ತದೆ. ಅನೇಕರು ತಾವೇ ಕೆರೆಯೆಂದು ತಿಳಿದುಕೊಂಡಿದ್ದಾರೆ.

ನೀರಿನ ಮಾತು ಬಂದದ್ದರಿಂದ ಧರ್ಮೋಪದೇಶಕಾಂಡದ ಹನ್ನೊಂದನೆಯ ಅಧ್ಯಾಯ ಹತ್ತನೆಯ ವಚನವನ್ನೂ ಹನ್ನೊಂದನೆಯದನ್ನೂ ಓದಿರಿ. ಐಗುಪ್ತದಲ್ಲಿ ಇಸ್ರಾಯೇಲ್ಯರು ಕಾಯಿಪಲ್ಯದ ತೋಟಕ್ಕೆ ಹಾಯಿಸುವಂತೆ ಕಾಲಿನಿಂದ ನೀರು ಹಾಯಿಸುತ್ತಿದ್ದರೆಂದೂ, ದೇವರು ಕೊಡುವ ದೇಶವಾದರೋ ಆಕಾಶದ ಮಳೆಯನ್ನು ಕುಡಿಯುವ ಬೆಟ್ಟತಗ್ಗುಗಳ ದೇಶವೆಂದೂ ಮೋಶೆ ಹೇಳುತ್ತಾನೆ. ಕಾಲುವೆಯ ಬಾಯಿಗೆ ಕಾಲಿನಿಂದ ಮಣ್ಣೊತ್ತಿ ನೀರು ತಿರುಗಿಸುವ ನಮ್ಮ ರೈತನಿಗೆ ಈ ವಚನದ ಅರ್ಥವು ಪಂಡಿತರಿಗಿಂತ ಬೇಗ ತಿಳಿಯುವದು. ನಾಲೆ ಬರುವದಕ್ಕೆ ಮುಂಚೆ ಈ ಸೀಮೆಯಲ್ಲಿ ಕೆರೆಯಿಲ್ಲದ ಊರುಗಳವರು ರಾಗಿ ಹುರುಳಿಗಳನ್ನು ಬಿತ್ತಿ ಮುಗಿಲನ್ನು ನೋಡುತ್ತಿದ್ದರು. ಮೊದಲು ವೈಸರಾಯ್ ಇರ್ವಿನರ ಹೆಸರನ್ನು ಹೊತ್ತು ಆಮೇಲೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಈ ನಾಲೆಯು ಹರಿದ ಮೇಲೆ ಭತ್ತವೂ ಕಬ್ಬೂ ಬಂದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪೆನಿಯು ಸ್ಥಾಪಿತವಾಯಿತು. ಮುಗಿಲನ್ನು ನೋಡುವ ಅಭ್ಯಾಸ ಕಡಮೆಯಾಯಿತು. ಕಟ್ಟೆಯ ಅಡಿಗಳನ್ನು ಕೇಳುವ ಅಭ್ಯಾಸ ಬಂತು. ಆದರೆ 2023ರಲ್ಲಿ ಮುಂಗಾರು ಕೈಕೊಟ್ಟಾಗ ಕಟ್ಟೆಯ ನೀರು ಪೂರ್ಣಮಟ್ಟವಾದ 124.80 ಅಡಿಯನ್ನು ಮುಟ್ಟಲೇ ಇಲ್ಲ. ಕೊಡಗಿನಲ್ಲಿ ಮುಗಿಲು ಒಡೆಯದಿದ್ದರೆ ಹುಲಿಕೆರೆಯ ಸುರಂಗದಲ್ಲಿ ನೀರೆಲ್ಲಿಂದ ಬರುವದು? ನಾಲೆಯವರೂ ಮಳೆಯವರೇ, ನಡುವೆ ದೂರ ಹೆಚ್ಚಾದದ್ದರಿಂದ ಮರೆತಿದ್ದೇವೆ.

ನಾಬೋತನ ತೋಟದ ಕಥೆಯನ್ನು (ಅರಸುಗಳು ಭಾಗ 1, ಅಧ್ಯಾಯ 21) ನೀವು ಬಲ್ಲವರಾದದ್ದರಿಂದ ಇಲ್ಲಿ ವಿಸ್ತರಿಸುವದಿಲ್ಲ. ಅಹಾಬನಿಗೆ ಬೇಕಾಗಿದ್ದದ್ದು ಅರಮನೆಯ ಮಗ್ಗುಲಲ್ಲಿ ಒಂದು ಕಾಯಿಪಲ್ಯದ ತೋಟ ಮಾತ್ರ. ಅದಕ್ಕಾಗಿ ಒಬ್ಬನ ರಕ್ತ ಸುರಿಯಿತೆಂಬದನ್ನು, ಬದುವಿನ ಒಂದು ಮೊಳಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವ ನಮ್ಮ ಊರುಗಳಲ್ಲಿ ಆಗಾಗ್ಗೆ ಓದಿಸುವದು ಒಳ್ಳೇದು. ತೋಟವುಳ್ಳವರು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ನಾಲ್ಕನೆಯ ವಚನವನ್ನೂ ಓದಲಿ. ಹಿಡಿದುಕೊಂಡ ಕೂಲಿಯು ಕೂಗಿಕೊಳ್ಳುತ್ತದೆಂದು ಅಲ್ಲಿ ಬರೆದದೆ. ಒಂದೇ ಹೊತ್ತು ದುಡಿದ ಹೆಂಗಸಿಗೆ ಗಂಡಸಿಗಿಂತ ಕಡಮೆ ಕೂಲಿಯನ್ನು ಎಣಿಸಿ ಕೊಡುವ ಕೈಗಳು ನಮ್ಮ ಸಭೆಗಳಲ್ಲಿಯೂ ಇವೆ.

ಬೇಲಿಯ ವಿಷಯವಾಗಿ ಒಂದು ಮಾತು. ಇಬ್ರಿಯದಲ್ಲಿ ತೋಟವೆಂಬ ಶಬ್ದವು ಸುತ್ತಲೂ ಕಾಪಾಡಲ್ಪಟ್ಟ ಸ್ಥಳವೆಂಬ ಅರ್ಥದಿಂದ ಹುಟ್ಟಿದ್ದು. ಗ್ರೀಕರು ಏದೆನ್ ತೋಟಕ್ಕೆ ಇಟ್ಟ ಪರದೈಸೆಂಬ ಹೆಸರು ಪಾರಸಿಕರಿಂದ ಬಂದದ್ದು; ಅದರ ಅರ್ಥವೂ ಸುತ್ತುಗೋಡೆಯ ಒಳಗಣ ಸ್ಥಳವೆಂದೇ. ನಮ್ಮ ಕಂದಾಯದ ಲೆಕ್ಕದಲ್ಲಿ ಖುಷ್ಕಿ, ತರಿಗಳೊಂದಿಗೆ ಬರೆಯುವ ಬಾಗಾಯ್ತೆಂಬದೂ ಪಾರಸಿಯ ತೋಟವೇ. ಬೇಲಿಯೆಂದರೆ ಒಳಗಿನವರೂ ಹೊರಗಿನವರೂ ಎಂಬ ಭೇದವಾಯಿತು. ಕತ್ತಾಳೆಯ ಬೇಲಿಯ ಹೊರಗೆ ನಿಲ್ಲುವದೇನೆಂಬದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಕೆಲಸಕ್ಕೆ ಒಳಗೆ, ಕೆಲಸ ಮುಗಿದರೆ ಹೊರಗೆ. ಆದರೆ ಕರ್ತನು ಶಿಲುಬೆಯ ಮೇಲಿದ್ದಾಗ ಪರದೈಸಿನ ಮಾತನ್ನು ಯಾರಿಗೆ ಕೊಟ್ಟನು? ಊರ ಹೊರಗೆ ತೂಗುಹಾಕಲ್ಪಟ್ಟ ಒಬ್ಬ ಕಳ್ಳನಿಗೆ. ಬೇಲಿ ಹಾರುವವನಿಗೆ ಬಾಗಿಲಿನಿಂದಲೇ ಪ್ರವೇಶ ದೊರೆಯಿತು.

ಈಗ ಗೆತ್ಸೇಮನೆಗೆ ಹೋಗೋಣ. ಮತ್ತಾಯನೂ ಮಾರ್ಕನೂ ಆ ಸ್ಥಳದ ಹೆಸರನ್ನು ಹೇಳುತ್ತಾರೆ, ತೋಟವೆಂದು ಹೇಳುವದಿಲ್ಲ. ಯೋಹಾನನು ತೋಟವೆನ್ನುತ್ತಾನೆ, ಹೆಸರನ್ನು ಹೇಳುವದಿಲ್ಲ. ಗೆತ್ಸೇಮನೆಯೆಂದರೆ ಎಣ್ಣೆಯ ಗಾಣ. ಎಣ್ಣೇಮರಗಳ ಗುಡ್ಡದ ಬುಡದಲ್ಲಿ ಕಾಯಿ ಅರೆದು ಎಣ್ಣೆ ತೆಗೆಯುವ ಗಾಣವಿದ್ದ ತೋಟವದು. ನಮ್ಮಲ್ಲಿ ಆಲೆಮನೆಯ ಮುಂದೆ ನಿಂತು ನೋಡಿದವರು ಕಬ್ಬು ಗಾಣಕ್ಕೆ ಹೋಗುವಾಗಿನ ಸದ್ದನ್ನು ಬಲ್ಲರು. ಒಂದು ಸಾರಿ ಒಳಗೆ ಹೋದ ಜಲ್ಲೆಯು ಜಲ್ಲೆಯಾಗಿ ಹೊರಗೆ ಬಾರದು. ಹಿಂಡದ ಹೊರತು ಹಾಲೂ ಇಲ್ಲ, ಬೆಲ್ಲವೂ ಇಲ್ಲ. ಆ ರಾತ್ರಿ ಕರ್ತನು ಗಾಣದ ತೋಟದಲ್ಲಿ ನೆಲಕ್ಕೆ ಬಿದ್ದು ಪ್ರಾರ್ಥಿಸಿದನು. ಆತನ ಬೆವರು ರಕ್ತದ ಹನಿಗಳ ಹಾಗಿತ್ತೆಂದು ಲೂಕನು ಬರೆದನು. ಮೊದಲನೆಯ ತೋಟದಲ್ಲಿ ಮನುಷ್ಯನು ದೇವರ ಸಪ್ಪಳವನ್ನು ಕೇಳಿ ಗಿಡಗಳ ಹಿಂದೆ ಅಡಗಿಕೊಂಡನು. ಈ ತೋಟದಲ್ಲಿ ಕರ್ತನು ದೀವಟಿಗೆಗಳ ಬೆಳಕನ್ನು ಕಂಡು ಮರಗಳ ಮರೆಗೆ ಹೋಗಲಿಲ್ಲ. ತಾನೇ ಮುಂದಕ್ಕೆ ಬಂದು ಯಾರನ್ನು ಹುಡುಕುತ್ತೀರೆಂದು ಕೇಳಿದನು. ಅಂದು ಕತ್ತಿಯನ್ನು ಬೀಸಿ ಒಬ್ಬ ಆಳಿನ ಕಿವಿಯನ್ನು ಕಡಿದ ಪೇತ್ರನು ಕೆಲವು ಗಳಿಗೆಗಳಾದ ಮೇಲೆ ಆ ಆಳಿನ ಬಂಧುವೇ ತನ್ನನ್ನು ತೋಟದಲ್ಲಿ ನೋಡಿದೆನೆಂದು ಹೇಳಿದಾಗ ಇಲ್ಲವೆಂದನು. ತೋಟದಲ್ಲಿದ್ದದ್ದೇ ಅವನಿಗೆ ಅಪರಾಧವಾಗಿ ತೋರಿತು. ಸಂತೆಯಲ್ಲಿ ನಾಲ್ಕು ಜನರ ಮುಂದೆ, ನೀನು ಆ ಸಭೆಯವನಲ್ಲವೋ ಎಂದು ಯಾರಾದರೂ ಕೇಳಿದಾಗ ನಾಲಿಗೆ ತಡವರಿಸಿದವರು ಈ ಸ್ಥಳವನ್ನು ನಿಧಾನವಾಗಿ ಓದಬೇಕು.

ಆ ತೋಟವು ಕರ್ತನದಾಗಿರಲಿಲ್ಲ. ಆತನು ಶಿಷ್ಯರೊಂದಿಗೆ ಆಗಾಗ್ಗೆ ಅಲ್ಲಿಗೆ ಹೋಗುತ್ತಿದ್ದನೆಂದು ಮಾತ್ರ ಯೋಹಾನನು ಹೇಳುತ್ತಾನೆ. ಸತ್ತಮೇಲೆ ಆತನನ್ನು ಇಟ್ಟ ಸಮಾಧಿಯೂ ಒಂದು ತೋಟದಲ್ಲಿತ್ತು. ಅದು ಅರಿಮಥಾಯದ ಯೋಸೇಫನು ತನಗಾಗಿ ತೋಡಿಸಿಕೊಂಡಿದ್ದದ್ದೆಂದು ಮತ್ತಾಯನು ತಿಳಿಸುತ್ತಾನೆ. ನಮ್ಮ ಸೀಮೆಯಲ್ಲಿ ಜಮೀನುಳ್ಳವರು ತಮ್ಮ ಹಿರಿಯರನ್ನು ತಮ್ಮ ತೋಟದ ಮೂಲೆಯಲ್ಲಿಯೇ ಮಣ್ಣುಮಾಡುವ ವಾಡಿಕೆಯುಂಟು. ಜಮೀನಿಲ್ಲದವರ ಮನೆಯಲ್ಲಿ ಸಾವಾದಾಗ, ಎಲ್ಲಿ ಮಣ್ಣುಮಾಡುವದೆಂದು ಕೇಳಿಕೊಂಡು ಅಲೆಯುವ ದುಃಖವು ಸಾವಿನ ದುಃಖಕ್ಕೆ ಕೂಡುತ್ತದೆ. ಆ ಮುದುಕಿಗೆ ಅಂದು ನಾನು ಹೇಳಬೇಕಾಗಿದ್ದದ್ದು ಇದೇ ಆಗಿತ್ತು. ಕರ್ತನು ಹಿಡಿಯಲ್ಪಟ್ಟದ್ದು ಮತ್ತೊಬ್ಬರ ತೋಟದಲ್ಲಿ. ಹೂಣಲ್ಪಟ್ಟದ್ದು ಮತ್ತೊಬ್ಬರ ತೋಟದಲ್ಲಿ. ಭೂಲೋಕದ ಒಡೆಯನಿಗೆ ಆರಡಿ ನೆಲವೂ ಸ್ವಂತವಾಗಿರಲಿಲ್ಲ.

ಅಲ್ಲಿಯೇ, ಕಬ್ಬಿನ ತುಂಡನ್ನು ಹೂತ ಸಾಲಿನಲ್ಲಿ ಗಿಣ್ಣಿನ ಕಣ್ಣು ಒಡೆಯುವಂತೆ, ಮೂರನೆಯ ದಿನ ಜೀವವೆದ್ದಿತು. ಮಗ್ದಲದ ಮರಿಯಳು ಕತ್ತಲಿರುವಾಗಲೇ ಬಂದು ಅಳುತ್ತಾ ತಿರುಗಿ ನೋಡಿ, ಎದುರಿಗೆ ನಿಂತಿದ್ದವನನ್ನು ತೋಟದ ಕೆಲಸದವನೆಂದು ನೆನಸಿದಳು. ರಾಜನೆಂದು ನೆನಸಲಿಲ್ಲ, ಯಾಜಕನೆಂದು ನೆನಸಲಿಲ್ಲ. ಬೆಳಗಿನ ಜಾವಕ್ಕೇ ತೋಟದಲ್ಲಿರುವವರು ಯಾರು? ಕೆಲಸದವರೇ. ಅವಳು ತಪ್ಪು ತಿಳಿದಳೆಂದು ನಾವು ಬೋಧಿಸುತ್ತೇವೆ. ಯೋಹಾನನು ಅದನ್ನು ತಿದ್ದುವದಕ್ಕೆ ಹೋಗಲಿಲ್ಲ. ಏದೆನಿನಲ್ಲಿ ಕೆಲಸಕ್ಕೆ ಇಡಲ್ಪಟ್ಟವನು ಕೈಬಿಟ್ಟ ಗುದ್ದಲಿಯನ್ನು ಈತನು ಎತ್ತಿಕೊಂಡಿದ್ದನು. ಆತನು ಅವಳನ್ನು ಹೆಸರು ಹಿಡಿದು ಕರೆದನು, ಅವಳು ಗುರುತಿಸಿದಳು. ಆತನು ಅವಳನ್ನು ಅಲ್ಲಿ ನಿಲ್ಲಗೊಡದೆ ಸಹೋದರರ ಬಳಿಗೆ ಹೋಗಿ ಹೇಳೆಂದನು. ಮೊದಲನೆಯ ತೋಟದಿಂದ ಗಂಡಸೂ ಹೆಂಗಸೂ ಹೊರಗೆ ಹಾಕಲ್ಪಟ್ಟರು. ಈ ತೋಟದಿಂದ ಒಬ್ಬ ಹೆಂಗಸು ಸಮಾಚಾರವನ್ನು ಹೊತ್ತು ಹೊರಟಳು, ಏದೆನಿನ ನೀರು ಹೊರಟ ಹಾಗೆ.

ಮುಂದಿನ ಸಾರಿ ಆ ಊರಿಗೆ ಹೋದಾಗ ಬೆಳಗಿನ ಹೊತ್ತು ಆ ತಾಯಿಯ ಜಗಲಿಯ ಮೇಲೆ ಕುಳಿತು ಇಷ್ಟನ್ನೂ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಆವಮ್ಮ ಅವರನ್ನ ಕೂಲಿಯೋರು ಅಂತ ತಿಳ್ಕೊಂಡ್ಲಾ?" ಎಂದು ಕೇಳಿದಳು. ಹೌದಮ್ಮಾ, ಹಾಗೆಯೇ ಬರೆದದೆ ಎಂದೆನು. "ಅವರೂ ಬ್ಯಾಡ ಅನ್ನಲಿಲ್ವಾ?" ಇಲ್ಲವೆಂದೆನು. ಅವಳು ಎದ್ದು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಸಿಲೇರುವದರೊಳಗೆ ಒಂದು ಸಾಲಾದರೂ ಮುಗಿಸಬೇಕೆಂದು ಹೇಳಿ ತೋಟದ ಕಡೆಗೆ ಹೊರಟುಹೋದಳು.