ಕಿವಿಗೆ ಒಗ್ಗುವ ಹೆಡ್‌ಫೋನು: ಆರಿಸುವುದು ಹೇಗೆ?

ಪೋಷಕರ ಸಭೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಎಂಟನೆಯ ತರಗತಿಯ ಹುಡುಗನೊಬ್ಬನ ತಾಯಿ ನಮ್ಮ ಬಳಿ ಬಂದರು. "ಮಾಷ್ಟ್ರೇ, ಇವನಿಗೆ ಕಿವಿಗೆ ಹಾಕುವ ಇಯರ್‌ಫೋನು ಬೇಕಂತೆ. ಇನ್ನೂರು ರೂಪಾಯಿಯದ್ದೂ ಉಂಟು, ಇಪ್ಪತ್ತು ಸಾವಿರದ್ದೂ ಉಂಟು. ಯಾವುದು ತೆಗೆದುಕೊಡುವುದು? ಕಿವಿ ಹಾಳಾಗುವುದಿಲ್ಲವಾ?" ಎಂದು ಕೇಳಿದರು. ಎರಡು ಪ್ರಶ್ನೆಗಳಲ್ಲಿ ಎರಡನೆಯದೇ ದೊಡ್ಡದು. ಆದರೆ ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಎರಡನೆಯದಕ್ಕೂ ಅರ್ಧ ಉತ್ತರ ಸಿಕ್ಕಿದ ಹಾಗೆ. ನಿಂತ ಕಾಲಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಆದುದರಿಂದ ಶಾಲೆಯ ವಿಜ್ಞಾನ ಸಂಘದ ಪರವಾಗಿ ನಾವು ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ಯಂತ್ರದ ಒಳಗೆ ಏನಿದೆ ಎಂದು ನೋಡೋಣ. ಕೆಟ್ಟುಹೋದ ಒಂದು ಹೆಡ್‌ಫೋನನ್ನು ನಾವು ಪ್ರಯೋಗಾಲಯದಲ್ಲಿ ಬಿಚ್ಚಿದೆವು. ಒಂದು ಪುಟ್ಟ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ತೆಳುವಾದ ಪ್ಲಾಸ್ಟಿಕ್ ಪೊರೆ, ಇಷ್ಟೇ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದೂ ಒಂದು ಅಯಸ್ಕಾಂತವಾಗುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದಂತೆ ಸುರುಳಿ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ, ಜತೆಗೆ ಪೊರೆ ನಡುಗುತ್ತದೆ, ಪೊರೆಯ ಎದುರಿನ ಗಾಳಿ ನಡುಗುತ್ತದೆ. ಹತ್ತನೆಯ ತರಗತಿಯವರು ಓದುವ ವಿದ್ಯುತ್ಕಾಂತ ಪಾಠವೇ ಇದು. ಇದನ್ನು ತಿರುಗಿಸಿಯೂ ನೋಡಬಹುದು. ಹಳೆಯ ಇಯರ್‌ಫೋನಿನ ಪ್ಲಗ್ಗನ್ನು ಕಂಪ್ಯೂಟರಿನ ಮೈಕ್ ತೂತಿಗೆ ಸಿಕ್ಕಿಸಿ ಅದರೊಳಗೆ ಮಾತನಾಡಿದರೆ, ಮೆಲ್ಲಗಾದರೂ ಮಾತು ದಾಖಲಾಗುತ್ತದೆ. ಮಕ್ಕಳು ಇದನ್ನು ಮೊದಲ ಸಲ ಕಂಡಾಗ ನಂಬಲಿಲ್ಲ.

ಈ ಯಂತ್ರಕ್ಕೆ ನೂರು ವರ್ಷ ಮೀರಿದೆ. ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್‌ವಿನ್ ಎಂಬವರು 1910ರಲ್ಲಿ ತಯಾರಿಸಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆ ಕೊಂಡುಕೊಂಡಿತು. ಸಂಗೀತ ಕೇಳುವುದಕ್ಕೆಂದೇ ಎರಡೂ ಕಿವಿಗೆ ಬೇರೆ ಬೇರೆ ಧ್ವನಿ ಕೊಡುವ ಸ್ಟೀರಿಯೋ ಹೆಡ್‌ಫೋನನ್ನು 1958ರಲ್ಲಿ ಜಾನ್ ಕಾಸ್ ಹೊರತಂದರು. 1979ರಲ್ಲಿ ಸೋನಿ ಕಂಪೆನಿಯ ವಾಕ್‌ಮನ್ ಬಂದ ಮೇಲೆ ಹಾಡು ಮನೆಯಿಂದ ಹೊರಗೆ, ನಡೆಯುವವರ ಕಿವಿಗೆ ಬಂತು. ಪ್ರಯಾಣದಲ್ಲಿ ಕೇಳುವ ತೊಂದರೆಗಳೂ ಅಲ್ಲಿಂದಲೇ ಮನೆಮಾತಾದವು ಎನ್ನಬಹುದು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ್ದು "ಯಾವ ಕಂಪೆನಿ?" ಎಂದಲ್ಲ, "ಎಲ್ಲಿ ಕೂತು ಕೇಳುವುದು?" ಎಂದು. ಹೆಡ್‌ಫೋನಿನ ಹಿಂಬದಿ ಮುಚ್ಚಿದ್ದರೆ ಹೊರಗಿನ ಸದ್ದು ಒಳಗೆ ಬರುವುದು ಕಡಿಮೆ, ಒಳಗಿನದು ಹೊರಗೆ ಹೋಗುವುದೂ ಕಡಿಮೆ. ಹಿಂಬದಿಯಲ್ಲಿ ಜಾಲರಿ ಇದ್ದು ತೆರೆದಿದ್ದರೆ ಗಾಳಿ ಸಲೀಸಾಗಿ ಆಡುತ್ತದೆ. ಹಾಡುವವರು ನಮ್ಮೆದುರು ಕುಳಿತಂತೆ ಧ್ವನಿ ಬಿಡಿಬಿಡಿಯಾಗಿ ಕೇಳುತ್ತದೆ, ಕಿವಿ ಬೆವರುವುದೂ ಇಲ್ಲ. ಜರ್ಮನಿಯ ಸೆನ್‌ಹೈಸರ್ ಕಂಪೆನಿ 1968ರಲ್ಲಿ ಎಚ್‌ಡಿ 414 ಎಂಬ ತೆರೆದ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಮನೆಯಲ್ಲಿ ರಾತ್ರಿ ಒಬ್ಬರೇ ಕುಳಿತು ಕೇಳುವುದಕ್ಕೆ ತೆರೆದದ್ದೇ ಸೊಗಸು ಎಂದು ನಮ್ಮ ಅಭಿಪ್ರಾಯ. ಆದರೆ ಆಟಿ ತಿಂಗಳ ಮಳೆ ಹಂಚಿನ ಮೇಲೆ ಸುರಿಯುವಾಗ ಅದರಲ್ಲಿ ಏನೂ ಕೇಳಿಸದು. ಬಸ್ಸು ರೈಲುಗಳಲ್ಲಂತೂ ಅದು ನಿರುಪಯೋಗಿ. ಪಕ್ಕದವರಿಗೂ ನಮ್ಮ ಹಾಡನ್ನು ಬಲವಂತವಾಗಿ ಕೇಳಿಸಿದಂತಾಗುತ್ತದೆ.

ಪ್ರಯಾಣಕ್ಕೆ ಕಿವಿಯ ತೂತಿನೊಳಗೆ ಕೂರುವ, ರಬ್ಬರಿನ ತುದಿಯುಳ್ಳ ಇಯರ್‌ಫೋನು ಸಾಕು. ಅದರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ತುದಿಗಳಿರುತ್ತವೆ. ಹೆಚ್ಚಿನವರು ಮೊದಲೇ ಸಿಕ್ಕಿಸಿದ್ದನ್ನು ಹಾಗೆಯೇ ಹಾಕಿಕೊಂಡು, ಉಳಿದೆರಡನ್ನು ಎಸೆದುಬಿಡುತ್ತಾರೆ. ತುದಿ ಕಿವಿಗೆ ಸರಿಯಾಗಿ ಕೂರದಿದ್ದರೆ ಮದ್ದಳೆಯ ತಗ್ಗಿನ ನಾದವೆಲ್ಲ ಸೋರಿಹೋಗುತ್ತದೆ, ಹೊರಗಿನ ಗದ್ದಲ ನುಗ್ಗುತ್ತದೆ. ಮಕ್ಕಳ ಕಿವಿಗೆ ಸಣ್ಣ ತುದಿಯೇ ಬೇಕಾಗುವುದು ಹೆಚ್ಚು. ಎಡಗಿವಿಗೂ ಬಲಗಿವಿಗೂ ಬೇರೆ ಅಳತೆ ಬೇಕಾದರೂ ಆಶ್ಚರ್ಯವಿಲ್ಲ.

ಗದ್ದಲವನ್ನು ಅಳಿಸುವ ಹೆಡ್‌ಫೋನುಗಳ ಬಗ್ಗೆ ಮಕ್ಕಳಿಗೆ ಬಹಳ ಕುತೂಹಲ. 1978ರಲ್ಲಿ ಅಮರ್ ಬೋಸ್ ಅವರಿಗೆ ವಿಮಾನದಲ್ಲಿ ಕುಳಿತಿದ್ದಾಗ ಈ ಯೋಚನೆ ಬಂತು. ಅವರ ತಂದೆ ಬಂಗಾಳದವರು. ಹೆಡ್‌ಫೋನಿನಲ್ಲಿರುವ ಪುಟ್ಟ ಮೈಕ್ ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಒಳಗೆ ಹುಟ್ಟಿಸುತ್ತದೆ. ಉಬ್ಬಿಗೆ ತಗ್ಗು ಸೇರಿ ಎರಡೂ ಅಳಿಯುತ್ತವೆ. ಬಸ್ಸಿನ ಎಂಜಿನು, ಫ್ಯಾನು ಮುಂತಾದ ಒಂದೇ ಸಮನೆ ಗುಂಯ್‌ಗುಡುವ ತಗ್ಗಿನ ಸದ್ದುಗಳ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಥಟ್ಟನೆ ಬರುವ ಸದ್ದು, ಮಕ್ಕಳ ಕಿರುಚಾಟ ಮುಂತಾದವುಗಳ ಮೇಲೆ ಅಷ್ಟು ನಡೆಯದು.

ಇನ್ನು ಪೆಟ್ಟಿಗೆಯ ಮೇಲಿನ ಅಂಕೆಗಳು. "20 ರಿಂದ 20,000 ಹರ್ಟ್ಸ್" ಎಂದು ಎಲ್ಲರೂ ಅಚ್ಚು ಹಾಕುತ್ತಾರೆ. ಎಳೆಯ ಕಿವಿ ಕೇಳಬಲ್ಲ ವ್ಯಾಪ್ತಿಯೇ ಅದು. ಇನ್ನೂರು ರೂಪಾಯಿಯದ್ದರ ಮೇಲೂ ಅದೇ ಇರುವುದರಿಂದ ಆ ಅಂಕೆಯನ್ನು ನೋಡಿ ಆರಿಸುವಂತಿಲ್ಲ. ನೋಡಬೇಕಾದವು ಎರಡು: ಓಮ್‌ಗಳಲ್ಲಿ ಹೇಳುವ ಇಂಪೀಡೆನ್ಸ್, ಮತ್ತು ಒಂದು ಮಿಲಿವಾಟ್ ಶಕ್ತಿಗೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಸಂವೇದನೆಯ ಅಂಕೆ.

ಇದನ್ನು ನಾವು ಪೆಟ್ಟುತಿಂದೇ ಕಲಿತೆವು. ಕೆಲವು ವರ್ಷಗಳ ಹಿಂದೆ ಹಳೆಯ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಮೊಬೈಲಿಗೆ ಇಳಿಸಿಕೊಂಡು ಕೇಳೋಣವೆಂದು ನಾವು ಒಂದು ದುಬಾರಿ ಹೆಡ್‌ಫೋನು ತಂದೆವು. ಸಿಕ್ಕಿಸಿದರೆ ಅರ್ಥಧಾರಿಯ ಮಾತು ಪಕ್ಕದ ಗುಡ್ಡದಿಂದ ಬಂದ ಹಾಗೆ. ಕೆಟ್ಟ ಮಾಲು ಕೊಟ್ಟನೆಂದು ಅಂಗಡಿಯವನ ಮೇಲೆ ರೇಗಾಡಿದ್ದೂ ಆಯಿತು. ಅವನು ಏನೂ ಹೇಳದೆ ಅದನ್ನು ಅಂಗಡಿಯ ಆಂಪ್ಲಿಫೈಯರಿಗೆ ಸಿಕ್ಕಿಸಿದ. ಧ್ವನಿ ಗಂಟೆ ಹೊಡೆದ ಹಾಗೆ ಬಂತು! ಪೆಟ್ಟಿಗೆಯ ಮೇಲೆ 250 ಓಮ್ ಎಂದು ಬರೆದಿದ್ದುದನ್ನು ನಾವು ಓದಿರಲಿಲ್ಲ, ಅಷ್ಟೇ.

ಲೆಕ್ಕ ಮಾಡೋಣ. ಮೊಬೈಲು ಹೆಚ್ಚೆಂದರೆ ಅರ್ಧ ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಶಕ್ತಿ ಎಂದರೆ ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದ್ದು. 0.25 ಅನ್ನು 250ರಿಂದ ಭಾಗಿಸಿದರೆ 0.001 ವಾಟ್, ಅಂದರೆ 1 ಮಿಲಿವಾಟ್. ಸಂವೇದನೆ 96 ಡೆಸಿಬೆಲ್ ಇದ್ದರೆ ಪೂರ್ಣ ಧ್ವನಿಯಲ್ಲಿ ಸಿಗುವುದು 96 ಡೆಸಿಬೆಲ್. ಅದೇ ಸಂವೇದನೆಯ 32 ಓಮಿನ ಹೆಡ್‌ಫೋನಿಗೆ 0.25 ಅನ್ನು 32ರಿಂದ ಭಾಗಿಸಿ. ಸುಮಾರು 8 ಮಿಲಿವಾಟ್. ಶಕ್ತಿ ಎರಡು ಪಟ್ಟಾದಾಗಲೆಲ್ಲ 3 ಡೆಸಿಬೆಲ್ ಏರುತ್ತದೆ. ಎಂಟು ಪಟ್ಟೆಂದರೆ ಮೂರು ಸಲ ಇಮ್ಮಡಿ, ಅಂದರೆ 9 ಡೆಸಿಬೆಲ್. ಒಟ್ಟು 105. ಇವೆಲ್ಲ ಧ್ವನಿ ತುತ್ತತುದಿಗೆ ಏರಿದಾಗಿನ ಅಂಕೆಗಳು. ಹಳೆಯ ಕ್ಯಾಸೆಟ್ಟಿನ ಮಾತು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ನಮ್ಮ ಅರ್ಥಧಾರಿ ಗುಡ್ಡದಾಚೆ ಹೋದದ್ದು ಹೀಗೆ. ಜರ್ಮನಿಯ ಬೇಯರ್‌ಡೈನಮಿಕ್ ಕಂಪೆನಿಯ ಡಿಟಿ 770 ಪ್ರೋ ಎಂಬ ಒಂದೇ ಮಾದರಿ 32, 80 ಮತ್ತು 250 ಓಮುಗಳಲ್ಲಿ ಬಂದಿದೆ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಇರುತ್ತವೆ. ಮೊಬೈಲಿಗೆ ನೇರವಾಗಿ ಸಿಕ್ಕಿಸುವವರು 16 ಅಥವಾ 32 ಓಮಿನದ್ದನ್ನು ಕೊಳ್ಳಬೇಕು.

ಆದರೆ 105 ಎಂಬ ಆ ಅಂಕೆಯನ್ನು ಮರೆಯಬೇಡಿ. ತಾಯಿ ಕೇಳಿದ ಎರಡನೆಯ ಪ್ರಶ್ನೆ ಅಲ್ಲೇ ಅಡಗಿದೆ. ಈಗಿನ ಸಿನಿಮಾ ಹಾಡುಗಳನ್ನು ಮೊದಲಿನಿಂದ ಕೊನೆಯ ವರೆಗೂ ಧ್ವನಿಯ ತುದಿಯ ಹತ್ತಿರವೇ ಇರುವಂತೆ ಮುದ್ರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಮಿತಿ 80 ಡೆಸಿಬೆಲ್, ಮಕ್ಕಳಿಗೆ 75. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕೇಳಬಹುದಾದ ಹೊತ್ತು ಅರ್ಧವಾಗುತ್ತದೆ. ಮಕ್ಕಳಿಗೆ 78ರಲ್ಲಿ 20 ಗಂಟೆ, 81ರಲ್ಲಿ 10, 84ರಲ್ಲಿ 5. ಹೀಗೆಯೇ ಇಳಿಯುತ್ತ ಬಂದರೆ 93ರಲ್ಲಿ ವಾರಕ್ಕೆ 37 ನಿಮಿಷ ಚಿಲ್ಲರೆ. 105ರಲ್ಲಿ ಎರಡು ನಿಮಿಷ ಚಿಲ್ಲರೆ. ಅಂದರೆ ಪೂರ್ಣ ಧ್ವನಿಯಲ್ಲಿ ಒಂದು ಹಾಡನ್ನು ಪೂರ್ತಿ ಕೇಳುವಷ್ಟರಲ್ಲಿ ಇಡೀ ವಾರದ ಪಾಲು ಮುಗಿದುಹೋಗಿರುತ್ತದೆ.

ನಮ್ಮ ಒಳಗಿವಿಯಲ್ಲಿ, ಬಸವನಹುಳದ ಚಿಪ್ಪಿನಂತೆ ಸುತ್ತಿಕೊಂಡಿರುವ ನಾಳದೊಳಗೆ, ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿವೆ. ಮಿತಿಮೀರಿದ ಸದ್ದು ಅವುಗಳನ್ನು ಬಳಲಿಸುತ್ತದೆ, ಆಮೇಲೆ ಕೊಲ್ಲುತ್ತದೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಏರು ಆವೃತ್ತಿಯ ಸದ್ದುಗಳು. ಸ, ಶ, ಷ ಮುಂತಾದ ಅಕ್ಷರಗಳ ಗುರುತು ಇರುವುದು ಅಲ್ಲಿಯೇ. ಆದ್ದರಿಂದ ಮಗುವಿಗೆ ಮಾತು ಕೇಳಿಸುತ್ತದೆ, ಬಿಡಿಸಿ ತಿಳಿಯುವುದಿಲ್ಲ. ಉಕ್ತಲೇಖನದಲ್ಲಿ ತಪ್ಪು ಹೆಚ್ಚಿದರೆ ನಾವು ಅಜಾಗ್ರತೆ ಎಂದು ಗದರಿಸುತ್ತೇವೆ. ಹಾಡು ಕೇಳಿದ ಮೇಲೆ ಕಿವಿಯಲ್ಲಿ ಕುಂಯ್ ಎಂಬ ಸದ್ದು ಉಳಿದರೆ, ಅಥವಾ ಕಿವಿ ಮುಚ್ಚಿದಂತಾದರೆ ಹೆತ್ತವರಿಗೆ ತಿಳಿಸಿ, ಕೆಲವು ದಿನ ಇಯರ್‌ಫೋನು ಬಿಟ್ಟುಬಿಡಿ. ಅದು ಹೋಗದಿದ್ದರೆ ಕಿವಿಯ ವೈದ್ಯರಿಗೆ ತೋರಿಸಿ.

ಬಸ್ಸಿನಲ್ಲಿ ಎಂಜಿನಿನ ಸದ್ದಿಗಿಂತ ಮೇಲೆ ಹಾಡು ಕೇಳಬೇಕೆಂದು ಧ್ವನಿ ಏರಿಸುತ್ತೇವೆ. ಇಳಿದ ಮೇಲೂ ಅದು ಅಲ್ಲೇ ಇರುತ್ತದೆ. ಹೊರಗಿನ ಸದ್ದನ್ನು ತಡೆಯುವ ಇಯರ್‌ಫೋನು ಕಿವಿಯನ್ನು ಉಳಿಸುವುದು ಇಲ್ಲಿ, ಏಕೆಂದರೆ ಏರಿಸುವ ಅಗತ್ಯವೇ ಬೀಳದು. ಆದರೆ ಅದೇ ಇಯರ್‌ಫೋನು ರಸ್ತೆಯಲ್ಲಿ ನಡೆಯುವಾಗ, ಸೈಕಲ್ ತುಳಿಯುವಾಗ, ರೈಲುಹಳಿಯ ಹತ್ತಿರ ಇರುವಾಗ ಕಿವಿಯಲ್ಲಿ ಇರಲೇಬಾರದು. ಹಳಿಯ ಬದಿಯ ಊರುಗಳಿಂದ ಬರುವ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಇದರಲ್ಲಿ ರಿಯಾಯಿತಿ ಇಲ್ಲ.

ತಂತಿ ಬೇಕೋ, ಬ್ಲೂಟೂತ್ ಬೇಕೋ? ಸಿಡಿಯ ಧ್ವನಿಗೆ ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೆ 16 ಬಿಟ್, ಎರಡು ಕಿವಿ. ಗುಣಿಸಿದರೆ 14,11,200 ಬಿಟ್. ಬ್ಲೂಟೂತಿನ ಸಾಮಾನ್ಯ ಕ್ರಮವಾದ ಎಸ್‌ಬಿಸಿಯಲ್ಲಿ ಇದನ್ನು ಸುಮಾರು 3,28,000 ಬಿಟ್ಟಿಗೆ ಅಡಕಿ ಕಳುಹಿಸುತ್ತಾರೆ. ಬಸ್ಸಿನಲ್ಲಿ ಈ ವ್ಯತ್ಯಾಸ ಯಾರಿಗೂ ತಿಳಿಯದು. ತಿಳಿಯುವುದು ತಡ: ಮನೆಯಲ್ಲಿ ಕೀಬೋರ್ಡು ಅಭ್ಯಾಸ ಮಾಡುವ ಹುಡುಗಿ ಮನೆಬಿಡ್ಡಿಗೆ ಬೆರಳು ಒತ್ತಿದ ಮೇಲೆ ಸ್ವರ ಒಂದು ಗಳಿಗೆ ಬಿಟ್ಟು ಕೇಳಿ ತಾಳ ತಪ್ಪುತ್ತದೆ. ಅಂಥವರಿಗೆ ತಂತಿಯದೇ ಬೇಕು. ಮೊಬೈಲಿನ ಎಫ್‌ಎಂ ರೇಡಿಯೋದಲ್ಲಿ ಆಕಾಶವಾಣಿ ಕೇಳುವ ಅಜ್ಜಂದಿರಿಗೂ ತಂತಿಯದೇ ಬೇಕು, ಏಕೆಂದರೆ ಆ ತಂತಿಯೇ ಏರಿಯಲ್. ಹೊಸ ಮೊಬೈಲುಗಳಲ್ಲಿ ದುಂಡು ತೂತು ಇಲ್ಲದಿರುವುದುಂಟು. ಮೊದಲು ಅದನ್ನು ನೋಡಿಕೊಂಡು ಪ್ಲಗ್ಗನ್ನು ಆರಿಸಿ. ತಂತಿಯಿಲ್ಲದ ಪುಟ್ಟ ಇಯರ್‌ಫೋನುಗಳ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತದೆ, ಬದಲಾಯಿಸುವುದು ಕಷ್ಟ.

ಅಂಗಡಿಯಲ್ಲಿ ಅವರು ಹಾಕುವ ಹಾಡು ಕೇಳಬೇಡಿ. ನಿಮಗೆ ಬಾಯಿಪಾಠವಾದ ಧ್ವನಿಮುದ್ರಣವನ್ನು ಒಯ್ಯಿರಿ. ನಾವು ಒಯ್ಯುವುದು ಒಂದು ಯಕ್ಷಗಾನ ಪದ್ಯ. ಭಾಗವತರ ಸಾಹಿತ್ಯ ಅಕ್ಷರ ಅಕ್ಷರ ತಿಳಿಯಬೇಕು, ಚೆಂಡೆ ಕಿವಿಗೆ ಚುಚ್ಚಬಾರದು, ಮದ್ದಳೆಯ ಎಡಮುಖದ ನಾದ ಚೆಂಡೆಯಡಿ ಹೂತುಹೋಗಬಾರದು. "ಬಾಸ್ ಜೋರುಂಟು" ಎಂದು ಹೊಗಳಿಸಿಕೊಳ್ಳುವ ಎಷ್ಟೋ ಇಯರ್‌ಫೋನುಗಳು ಈ ಮೂರನೆಯ ಪರೀಕ್ಷೆಯಲ್ಲಿ ಗೆದ್ದು ಮೊದಲನೆಯದರಲ್ಲೇ ಬೀಳುತ್ತವೆ.

ಆ ತಾಯಿ ಕೊನೆಗೆ ತೆಗೆದುಕೊಟ್ಟದ್ದು ಸಣ್ಣ ತುದಿಯ, 16 ಓಮಿನ, ತಂತಿಯ ಇಯರ್‌ಫೋನು. ಮೊಬೈಲಿನ ಧ್ವನಿಮಿತಿಯನ್ನೂ ಅವರೆದುರೇ ಕಟ್ಟಿಕೊಟ್ಟೆವು. ತಂತಿಯದ್ದು ಹೆಚ್ಚಾಗಿ ತುಂಡಾಗುವುದು ಪ್ಲಗ್ಗಿನ ಕುತ್ತಿಗೆಯಲ್ಲಿ. ಒಳಗಿನ ಎಳೆಗಳ ಮೇಲೆ ಬಣ್ಣದ ಲೇಪವಿರುತ್ತದೆ. ಅದನ್ನು ಕೆರೆದು ತೆಗೆಯದೆ ಬೆಸುಗೆ ಹಿಡಿಯದು. ಶುಕ್ರವಾರ ಮಧ್ಯಾಹ್ನದ ಮೇಲೆ ಸಂಘದ ಮಕ್ಕಳು ಬೆಸುಗೆ ಕಲಿಯುತ್ತಾರೆ. ಮನೆಯಲ್ಲಿ ಒಂದೇ ಕಿವಿ ಹಾಡುವ ಇಯರ್‌ಫೋನುಗಳಿದ್ದರೆ ಎಸೆಯಬೇಡಿ, ಮಕ್ಕಳ ಕೈಯಲ್ಲಿ ಕಳುಹಿಸಿಕೊಡಿ.