ತೂಕದ ಬೆಲೆ, ಮೋಹದ ಬೆಲೆ

ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಗಡಿಯಾರ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಮೇಲೆ ಹೋಯಿತು. ನಟಿ, ಗಾಯಕಿ ಜೇನ್ ಬರ್ಕಿನ್ ಬಳಸಿ ಸವೆಸಿದ್ದ ಚರ್ಮದ ಚೀಲಕ್ಕೆ 2025ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ ಸುಮಾರು 86 ಲಕ್ಷ ಯೂರೋ ಬಂತು. ಇಂಥ ಸುದ್ದಿ ಪೇಪರಿನಲ್ಲಿ ಬಂದಾಗೆಲ್ಲ ಸಿದ್ದಾಪುರದಿಂದಲೋ ಯಲ್ಲಾಪುರದಿಂದಲೋ ನೆಂಟರ ಫೋನು ತಪ್ಪುವುದಿಲ್ಲ. "ಅಜ್ಜನ ಕಾಲದ್ದು ಒಂದು ಇದ್ದು, ಎಷ್ಟಕ್ಕೆ ಹೋಗ್ತು?"

ನಾನು ಕೇಳುವುದು ಒಂದೇ: ಕರಗಿಸಿದರೆ, ಸುಟ್ಟರೆ ಎಷ್ಟು ಉಳಿಯುತ್ತದೆ? ಅದು ತೂಕದ ಬೆಲೆ. ಅದರ ಮೇಲೆ ಯಾರಾದರೂ ಕೊಡುವುದೆಲ್ಲ ಮೋಹದ ಬೆಲೆ. ಮೋಹ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನನಗೂ ಬೇಕಾದಷ್ಟಿದೆ. ಆದರೆ ಆ ದುಡ್ಡನ್ನು ನಾನು ಬರೆದಿಡುವುದು ಖರ್ಚಿನ ಪುಟದಲ್ಲಿ, ಉಳಿತಾಯದ ಪುಟದಲ್ಲಲ್ಲ.

ನಮ್ಮ ಕಡೆ ಹಳೆಯ ಬೆಲೆಬಾಳುವ ವಸ್ತು ಕೈ ಬದಲಾಯಿಸುವುದು ಹರಾಜಿನಲ್ಲಲ್ಲ, ಹಿಸೆಯ ದಿನ. ತೋಟಕ್ಕೆ ಸರ್ವೆ ನಂಬರು ಇರುತ್ತದೆ, ಪಾತ್ರೆಗೆ ಲೆಕ್ಕ ಇರುತ್ತದೆ, ಅವಲಕ್ಕಿ ಸರಕ್ಕೆ ಮಾತ್ರ ತಕ್ಕಡಿ. ನಮ್ಮ ಮನೆಯಲ್ಲೂ ಆಯಿಯ ಸರವನ್ನು ತುಂಡು ಮಾಡಿ ಹಂಚುವ ಮಾತೇ ಮೊದಲು ಬಂದದ್ದು. ಬೇಡವೆಂದು ಶಿರಸಿಯಲ್ಲಿ ಪರಿಚಯದ ಶೇಟರ ಹತ್ತಿರ ತೂಗಿಸಿ, ಬೆಸುಗೆ ಮತ್ತು ದಾರದ ತೂಕ ಕಳೆದು, ಅಂದಿನ ದರದಲ್ಲಿ ಅಣ್ಣನಿಗೂ ಅಕ್ಕನಿಗೂ ಅವರವರ ಪಾಲು ಕೊಟ್ಟು ಸರವನ್ನು ಇಡಿಯಾಗಿ ನಾನೇ ಇಟ್ಟುಕೊಂಡೆ. ಅಡಿಕೆ ಮಾರಿದ ಮೇಲೆ ಕೊಡು ಎಂದು ಅಣ್ಣ ವಾಯಿದೆ ಕೊಟ್ಟಿದ್ದ.

ಅದು ಅಗ್ಗವೋ ತುಟ್ಟಿಯೋ ನೋಡೋಣ. ಇವತ್ತು ಅಂಗಡಿಯಲ್ಲಿ ಒಂದು ಲಕ್ಷ ರೂಪಾಯಿಯ ಬಂಗಾರದಲ್ಲಿ ಕುಸುರಿಯ ಸರ ಮಾಡಿಸಿ, ಮಜೂರಿ ನೂರಕ್ಕೆ 15 ಎಂದುಕೊಳ್ಳಿ. 1,15,000 ಆಯಿತು. ಅದರ ಮೇಲೆ ಶೇ 3ರ ಜಿಎಸ್‌ಟಿ 3,450. ಕೊಟ್ಟದ್ದು 1,18,450. ಮರುದಿನವೇ ಮಾರಲು ಹೋದರೆ ಸಿಗುವುದು ಹೆಚ್ಚೆಂದರೆ ಒಂದು ಲಕ್ಷ, ಅದರಲ್ಲೂ ಒಂದಿಷ್ಟು ವಜಾ. ಅಂದರೆ ಹೊಸ ಒಡವೆ ಕೊಳ್ಳುವವರು ಮೋಹದ ಬೆಲೆಯನ್ನು ಮೊದಲ ದಿನವೇ ಪೂರ್ತಿ ಕಟ್ಟಿರುತ್ತಾರೆ. ಹಳೆಯ ಸರದ ಮಜೂರಿಯನ್ನು ಅಜ್ಜಿಯ ತವರಿನವರು ಎಂದೋ ಕೊಟ್ಟು ಮುಗಿಸಿದ್ದಾರೆ. ನನಗೆ ಕೆಲಸಗಾರಿಕೆ ಪುಕ್ಕಟೆ ಬಂತು. ಹಳೆಯ ಒಡವೆ ಇಷ್ಟು ಕಾಲ ಮೆಚ್ಚುಗೆ ಉಳಿಸಿಕೊಂಡದ್ದಕ್ಕೆ ಅಂದಚೆಂದದ ಜೊತೆ ಈ ಲೆಕ್ಕವೂ ಒಂದು ಕಾರಣವೆಂದು ನನ್ನ ಎಣಿಕೆ.

ಹಳೆಯದನ್ನು ಕರಗಿಸಿ ಹೊಸ ನಮೂನೆ ಮಾಡಿಸುವುದು ಇದೇ ಲೆಕ್ಕವನ್ನು ತಿರುಗಿಸಿದ ಹಾಗೆ: ಒಮ್ಮೆ ಕೊಟ್ಟ ಮಜೂರಿ ಹೋಯಿತು, ಇನ್ನೊಮ್ಮೆ ಕೊಡಬೇಕಾಯಿತು. ನಮ್ಮತ್ತೆಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಬೇಕಾರೆ ಅಡ ಇಡು ತಂಗಿ, ಕರಗ್ಸಡ" ಎನ್ನುತ್ತಿದ್ದರು. ಬ್ಯಾಂಕು ಅಡವಿಗೆ ನೋಡುವುದೂ ತೂಕವನ್ನೇ, ಕುಸುರಿಯನ್ನಲ್ಲ. ಆದರೆ ಸಾಲ ತೀರಿದ ಮೇಲೆ ಕುಸುರಿ ಇದ್ದ ಹಾಗೇ ವಾಪಸು ಬರುತ್ತದೆ.

ಪಟ್ಟೆ ಸೀರೆಯ ಕತೆ ಬೇರೆ. ಮೈಸೂರು ರೇಷ್ಮೆಯ ಕಾರ್ಖಾನೆ ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಈಗ ಅದನ್ನು ನಡೆಸುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿ ತನ್ನ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಬಂಗಾರ ಇದೆ ಎನ್ನುತ್ತದೆ. ಊರೂರು ತಿರುಗಿ ಹಳೆಯ ಜರಿ ಸೀರೆ ಕೇಳುವವರು ಸೆರಗು ಉಜ್ಜಿ ನೋಡುವುದು ಈ ಬೆಳ್ಳಿಗಾಗಿ. ಅವರು ಸೀರೆಯನ್ನು ಸುಡುತ್ತಾರೆ. ತಳದಲ್ಲಿ ಉಳಿಯುವ ಬೆಳ್ಳಿ ಸ್ವಲ್ಪವೇ, ನಿಮಗೆ ಬರುವ ದುಡ್ಡು ಇನ್ನೂ ಸ್ವಲ್ಪ. ಹಾಗಾಗಿ ಹಳೆಯ ಪಟ್ಟೆ ಸೀರೆಯನ್ನು ನಾನು ಕೊಳ್ಳುವುದು ಉಡುವುದಕ್ಕೆ ಮಾತ್ರ, ಮಾರುವುದಂತೂ ಇಲ್ಲ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ನಡುವೆ ಮದುವೆ ಮುಂಜಿ ಇವೆ, ಉಡಲು ಅಷ್ಟು ಸಾಕು. ನಮ್ಮ ಮಳೆಗಾಲದಲ್ಲಿ ಮಡಿಕೆ ಬದಲಿಸದೆ ಟ್ರಂಕಿನಲ್ಲಿಟ್ಟರೆ ಮಡಿಚಿದ ಗೆರೆಯಲ್ಲೇ ರೇಷ್ಮೆ ಸೀಳುತ್ತದೆ, ಜರಿ ಕಪ್ಪಾಗುತ್ತದೆ. ಸೀಳಿದ ಸೀರೆಗೆ ಮೋಹದ ಬೆಲೆ ಇಲ್ಲ, ಉಳಿಯುವುದು ಆ ಸ್ವಲ್ಪ ಬೆಳ್ಳಿಯದು ಮಾತ್ರ.

ಎಚ್‌ಎಂಟಿ ಗಡಿಯಾರಕ್ಕೆ ತೂಕದ ಬೆಲೆ ಸೊನ್ನೆ, ಮೋಹವೇ ಎಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ತಯಾರಿಕೆ. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಮುಚ್ಚಿದ ಮೇಲೆಯೇ ಜನತಾ, ಪೈಲಟ್‌ಗಳಿಗೆ ಹುಡುಕಾಟ ಹೆಚ್ಚಿತು. ಮದುಮಗನಿಗೆ ಕಾಂಚನ್ ಸಿಕ್ಕಿತೆಂದರೆ ಅದೇ ಒಂದು ಸುದ್ದಿಯಾಗಿದ್ದ ಕಾಲವನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ಆನ್‌ಲೈನಿನಲ್ಲಿ ಹೊಸ ಬಣ್ಣ ಬಳಿದ ಡಯಲ್ಲು, ಬೇರೆ ಬೇರೆ ಗಡಿಯಾರದ ಭಾಗ ಸೇರಿಸಿದ 'ಹಳೆಯ' ಪೈಲಟ್‌ಗಳು ಧಾರಾಳವಾಗಿ ಸಿಗುತ್ತವೆ. ಫಳಫಳ ಹೊಳೆದರೆ ಅನುಮಾನಪಡಿ. ಬಲ್ಲವರು ಹೆಚ್ಚು ಕೊಡುವುದು ಮಾಸಿದ ಮೂಲ ಡಯಲ್ಲಿಗೇ.

ಇನ್ನೊಂದನ್ನು ಹೇಳಲೇಬೇಕು. ನಮ್ಮ ಗುಡಿಗಾರರ ಕೈಯಲ್ಲಿ ಮೂಡಿದ ಗಂಧದ ಪೆಟ್ಟಿಗೆಯಲ್ಲಿ ಆನೆದಂತದ ಕೆತ್ತನೆ ಇದ್ದರೆ, ಅಥವಾ ದಂತದ ಕುಂಕುಮ ಭರಣಿ ಇದ್ದರೆ, ಅದಕ್ಕೆ ಎಷ್ಟು ಬರುತ್ತದೆಂದು ವಿಚಾರಿಸಲೂ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ.

ತೆರಿಗೆಯಲ್ಲೂ ಸೀರೆ, ಒಡವೆ ಒಂದೇ ಅಲ್ಲ. ಸ್ವಂತಕ್ಕೆ ಬಳಸುವ ಬಟ್ಟೆಬರೆ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಒಡವೆಗೆ ಆ ವಿನಾಯಿತಿ ಇಲ್ಲ: 24 ತಿಂಗಳು ದಾಟಿದ್ದರೆ ಲಾಭದ ಮೇಲೆ ಶೇ 12.5. ಪಿತ್ರಾರ್ಜಿತವಾದರೆ ಹಿರಿಯರು ಇಟ್ಟುಕೊಂಡಿದ್ದ ಕಾಲವೂ ಸೇರುತ್ತದೆ, 2001ರ ಏಪ್ರಿಲ್ 1ಕ್ಕೂ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲೆಂದು ಹಿಡಿಯಬಹುದು. ಹಳೆಯದು ಕೊಟ್ಟು ಹೊಸದು ತಂದರೂ ಕಾನೂನಿನ ಕಣ್ಣಿಗೆ ಅದು ಮಾರಾಟವೇ. ಅಂಗಡಿಯಲ್ಲಿ ಇದನ್ನು ಹೇಳುವವರನ್ನು ನಾನು ಕಂಡಿಲ್ಲ.

ಲಾಕರಿನಲ್ಲಿಟ್ಟು ನಿಶ್ಚಿಂತರಾದವರೂ ತಿಳಿದಿರಲಿ. ಬೆಂಕಿ, ಕಳವು ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು, ಅಷ್ಟೇ. ಎರಡು ಸಾವಿರ ಬಾಡಿಗೆಯಾದರೆ ಎರಡು ಲಕ್ಷ. ಒಳಗಿರುವುದು ಅದಕ್ಕಿಂತ ಹೆಚ್ಚಿನದಾದರೆ ಬೇರೆ ವಿಮೆ ಮಾಡಿಸಿ. ಒಂದೊಂದು ಒಡವೆಯ ಫೋಟೊ ತೆಗೆದು, ತೂಕ, ಯಾರಿಂದ ಬಂತು, ಯಾವ ವರ್ಷ ಎಂಬುದನ್ನು ಬರೆದು, ಒಂದು ಪ್ರತಿಯನ್ನು ಮಕ್ಕಳ ಕೈಯಲ್ಲೂ ಕೊಟ್ಟಿಡಿ.